ಬಂಡೆಯ ಸಂದು ಲೆಕ್ಕಕ್ಕೆ ಬಂದದ್ದು

ಕನ್ನಡ ಎಂ.ಎ. ವಿದ್ಯಾರ್ಥಿಗೆ ಬಂಡೆಯ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಎಂಜಿನಿಯರುಗಳು ಹೇಳುವ ಜಾಯಿಂಟಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ಹುಡುಕುತ್ತಾ ಈ ಚರಿತ್ರೆಗೆ ಬಂದೆ. ಸದ್ಯಕ್ಕೆ 'ಸಂದು' ಎಂದಿಟ್ಟುಕೊಂಡಿದ್ದೇನೆ. ವ್ಯಾಕರಣದ ಸಂಧಿಯಲ್ಲಿ ಎರಡು ಸೇರಿ ಒಂದಾಗುತ್ತದೆ. ಬಂಡೆಯ ಸಂದಿನಲ್ಲಿ ಒಂದಾಗಿದ್ದದ್ದು ಎರಡಾಗಿರುತ್ತದೆ. ಕಾಸರಗೋಡಿನ ನಮಗೆ ಕಲ್ಲು ಅಂದರೆ ಮೊದಲು ನೆನಪಾಗುವುದು ಕಡಿದು ತೆಗೆಯುವ ಕೆಂಪುಕಲ್ಲು. ನಾನು ಹೇಳುತ್ತಿರುವುದು ಗಟ್ಟಿ ಬಂಡೆಯ ವಿಷಯ.

ದಕ್ಷಿಣ ಫ್ರಾನ್ಸಿನ ಫ್ರೆಜುಸ್ ಪಟ್ಟಣದ ಮೇಲುಗಡೆ ಮಾಲ್ಪಾಸೆ ಎಂಬ ಅಣೆಕಟ್ಟು ಇತ್ತು. ಬಿಲ್ಲಿನಂತೆ ಬಾಗಿದ ಕಾಂಕ್ರೀಟ್ ಗೋಡೆ. ಎತ್ತರ ಸುಮಾರು 66 ಮೀಟರ್, ಬುಡದಲ್ಲೂ ದಪ್ಪ 7 ಮೀಟರಿಗಿಂತ ಕಡಿಮೆ. ಇಂಥ ಕಟ್ಟೆ ನೀರಿನ ನೂಕನ್ನು ಎರಡೂ ದಡದ ಬಂಡೆಗೆ ದಾಟಿಸುತ್ತದೆ. 1959ರ ಡಿಸೆಂಬರ್ 2ರ ರಾತ್ರಿ ಅದು ಒಡೆಯಿತು. 400ಕ್ಕೂ ಹೆಚ್ಚು ಜನ ಸತ್ತರು. ಸೋತದ್ದು ಕಾಂಕ್ರೀಟ್ ಅಲ್ಲ, ಎಡದಂಡೆಯ ನೈಸ್ ಶಿಲೆ. ಕಟ್ಟೆಯ ನೂಕಿಗೆ ಸಂದುಗಳು ಬಿಗಿದುಕೊಂಡು, ಒಳಗಿಳಿದ ನೀರಿಗೆ ಹೊರದಾರಿ ತಪ್ಪಿತು. ನೆಲದೊಳಗೇ ಇನ್ನೊಂದು ಕಟ್ಟೆ ಕಟ್ಟಿದ ಹಾಗೆ. ಆ ನೀರು ಬೆಣೆಯಂಥ ಬಂಡೆಯನ್ನೇ ಜರುಗಿಸಿತು ಎಂಬುದು ಆಮೇಲಿನ ಸಂಶೋಧನೆ ಕೊಟ್ಟ ವಿವರಣೆ. ಬಂಡೆಯ ತುಂಡನ್ನು ಅಮುಕಿ ಅಳೆದ ಬಲ ಇಲ್ಲಿ ಉಪಯೋಗಕ್ಕೆ ಬಾರದು: ತುಂಡು ಗಟ್ಟಿಯೇ, ಜಾರುವುದು ಸಂದು.

ಹಾಗಾದರೆ ಸಂದನ್ನೇ ಅಳೆಯುವುದು ಹೇಗೆ? 1966ರಲ್ಲಿ ಅಮೆರಿಕದ ಪ್ಯಾಟನ್ ಗರಗಸದ ಹಲ್ಲಿನಂಥ ಮೈಯಿರುವ ಪ್ಲಾಸ್ಟರ್ ತುಂಡುಗಳನ್ನು ಎರಕ ಹೊಯ್ದು, ಒಂದರ ಮೇಲೊಂದು ಕೂರಿಸಿ ಜಾರಿಸಿ ನೋಡಿದರು. ಮೇಲಿನ ಭಾರ ಕಡಿಮೆಯಿದ್ದರೆ ಹಲ್ಲು ಹಲ್ಲನ್ನು ಹತ್ತಿ ದಾಟುತ್ತದೆ, ಮೇಲಿನ ತುಂಡು ಕೊಂಚ ಏಳುತ್ತದೆ. ಆಗ ಘರ್ಷಣೆಯ ಕೋನಕ್ಕೆ ಹಲ್ಲಿನ ಏರುಕೋನ ಕೂಡಿಸಿದರಾಯಿತು. ಭಾರ ಹೆಚ್ಚಾದರೆ ಹತ್ತುವ ಮಾತೇ ಇಲ್ಲ, ಹಲ್ಲೇ ಮುರಿಯುತ್ತದೆ. ಎರಡು ಸ್ಥಿತಿ, ಎರಡು ಗೆರೆ. 1968ರಲ್ಲಿ ಗುಡ್‌ಮನ್ ಮತ್ತು ಸಂಗಡಿಗರು ಸಂದನ್ನು ಕಂಪ್ಯೂಟರ್ ಲೆಕ್ಕದೊಳಕ್ಕೂ ತಂದರು.

ಆದರೆ ನಿಜವಾದ ಸಂದಿಗೆ ಅಂಥ ಒಪ್ಪವಾದ ಹಲ್ಲು ಎಲ್ಲಿಂದ ಬರಬೇಕು? 1977ರಲ್ಲಿ ಬಾರ್ಟನ್ ಮತ್ತು ಚೌಬೆ ಹತ್ತು ಮಾದರಿ ಗೆರೆಗಳನ್ನು ಕೊಟ್ಟರು, ನುಣುಪಿನಿಂದ ಒರಟಿನವರೆಗೆ 0ಯಿಂದ 20. ಸಂದಿನ ಮೈಯನ್ನು ಅವುಗಳ ಜೊತೆ ಹೋಲಿಸಿ ಕಣ್ಣಳತೆಯಲ್ಲಿ ಅಂಕಿ ಕೊಡುವುದು. ನನಗೆ ಬಹಳ ಹಿಡಿಸಿದ್ದು ಇದೇ. ಇದು ಅಳತೆಗಿಂತ ಹೆಚ್ಚಾಗಿ ಓದು. ಹಸ್ತಪ್ರತಿ ಓದಿದವರಿಗೆ ಕಷ್ಟ ಗೊತ್ತಲ್ಲ, ಒಂದೇ ಗೆರೆಯನ್ನು ಇಬ್ಬರು ಎರಡು ಥರ ಓದುತ್ತಾರೆ. ಅಂಗೈಯಗಲದ ತುಂಡಿನಲ್ಲಿ ಕಂಡ ಒರಟುತನ ಹತ್ತಾರು ಮೀಟರಿನ ಸಂದಿಗೆ ಹಾಗೇ ಅನ್ವಯಿಸುವುದೂ ಇಲ್ಲ. 1982ರಲ್ಲಿ ಬಾರ್ಟನ್ ಮತ್ತು ಬ್ಯಾಂಡಿಸ್ ಅದಕ್ಕೊಂದು ತಿದ್ದುಪಡಿ ಸೇರಿಸಿದರು.

ಈ ಸೂತ್ರಗಳಲ್ಲೆಲ್ಲ ಭಾರ ಅಂದರೆ ನೀರಿನ ಒತ್ತಡ ಕಳೆದು ಉಳಿದದ್ದು. ಮಾಲ್ಪಾಸೆಯಲ್ಲಿ ಹಲ್ಲನ್ನು ಹಲ್ಲಿಗೆ ಕಚ್ಚಿಸಿ ಹಿಡಿಯಬೇಕಾದ ಆ ಭಾರವನ್ನೇ ನೀರು ತಿಂದಿತ್ತು.