ಹಟ್ಟಿಯ ಚರಿತ್ರೆ

ಎಂಟನೆಯ ತರಗತಿಗೆ ಚರಿತ್ರೆಯ ಮೊದಲ ಪಾಠ ಮಾಡುವಾಗ ‘ಆಧಾರಗಳು’ ಎಂಬ ಮಾತು ಬರುತ್ತದೆ. ಶಾಸನ, ನಾಣ್ಯ, ತಾಳೆಗರಿ, ದಾನಪತ್ರ ಎಂದು ಬೋರ್ಡಿನ ಮೇಲೆ ಬರೆಯುತ್ತಾ ಹೋಗುತ್ತೇನೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ನಮ್ಮ ಮನೆಯ ಚರಿತ್ರೆಗೆ ಆಧಾರ ಯಾವುದು?” ಎಂದು ಕೇಳಿದಳು. ಮನೆಯಲ್ಲಿ ಹಳೆಯ ಕಾಗದಪತ್ರ ಇದ್ದರೆ ನೋಡು ಎಂದು ಹೇಳಿ ಪಾಠ ಮುಂದುವರಿಸಿದೆ. ಆದರೆ ಆ ಪ್ರಶ್ನೆ ಸಂಜೆ ನನ್ನ ಜೊತೆಯಲ್ಲೇ ಬಸ್ಸು ಹತ್ತಿ ಮನೆಗೆ ಬಂತು.

ನನ್ನ ತವರು ಪುತ್ತೂರು ತಾಲೂಕಿನ ಒಂದು ಹಳ್ಳಿ. ತಗ್ಗಿನಲ್ಲಿ ಅಡಿಕೆ ತೋಟ, ಅಂಚಿನಲ್ಲಿ ಮನೆ, ಮನೆಗೆ ತಾಗಿ ಹಟ್ಟಿ, ಹಿಂದೆ ಕುಮ್ಕಿ ಗುಡ್ಡ. ಪಟ್ಟಾ ಜಾಗದ ಸುತ್ತ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತರಲು, ದನ ಮೇಯಿಸಲು ರೈತರಿಗೆ ಬ್ರಿಟಿಷರ ಕಾಲದಿಂದ ಬಂದ ಸವಲತ್ತೇ ಕುಮ್ಕಿ. ಅದರ ಬಗ್ಗೆ ಕಾನೂನಿನ ಪುಸ್ತಕಗಳಲ್ಲಿ ಬೇಕಾದಷ್ಟು ಚರ್ಚೆ ಇದೆ. ಆ ಗುಡ್ಡದಿಂದ ಸೊಪ್ಪಿನ ಹೊರೆ ಹೊತ್ತು ಇಳಿಯುತ್ತಿದ್ದವರು ಯಾರು ಎಂಬುದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮಲ್ಲಿ ಅಮ್ಮ ಮತ್ತು ಕೆಲಸಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರು. ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ, ತೋಟದ ಅಡಿಕೆ ಪೇಟೆಗೆ. ಈ ಸರಪಳಿಯ ಮೊದಲ ಕೊಂಡಿ ಹೆಂಗಸರ ತಲೆಯ ಮೇಲಿತ್ತು.

ಅಪ್ಪ ಪ್ರಯೋಗಪ್ರಿಯರು. ಎಪ್ಪತ್ತರ ದಶಕದಲ್ಲಿ ಎಲ್ಲರೂ ಅಡಿಕೆಯ ನಡುವೆ ಕೊಕ್ಕೊ ನೆಟ್ಟಾಗ ಅಪ್ಪನೂ ನೆಟ್ಟರು. ದಶಕ ಮುಗಿಯುವಷ್ಟರಲ್ಲಿ ಬೆಲೆ ಕುಸಿಯಿತು, ಕೊಳ್ಳುವವರಿಲ್ಲ. 1973ರಲ್ಲಿ ಹುಟ್ಟಿದ್ದ ಕ್ಯಾಂಪ್ಕೊ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆ ಜನ ಉಸಿರಾಡಿದರು. ಅಷ್ಟರಲ್ಲಿ ನಮ್ಮ ಅರ್ಧ ಗಿಡಗಳನ್ನು ಅಪ್ಪ ಕಡಿಸಿಯಾಗಿತ್ತು. ಆಮೇಲೆ ಜೇನು ಪೆಟ್ಟಿಗೆಗಳು ಬಂದವು. ಅಂಗಳದ ಸುತ್ತ ಎಂಟು ಪೆಟ್ಟಿಗೆ. 1991-92ರ ಸುಮಾರಿಗೆ ದಕ್ಷಿಣ ಭಾರತಕ್ಕೆಲ್ಲ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗದಲ್ಲಿ ಎಂಟೂ ಖಾಲಿಯಾದವು. ಮರಿಹುಳುಗಳು ಚೀಲದಂತಾಗಿ ಸಾಯುತ್ತಿದ್ದವು. ಖಾಲಿ ಪೆಟ್ಟಿಗೆಯೊಂದರಲ್ಲಿ ನಮ್ಮ ಬೆಕ್ಕು ಮರಿ ಹಾಕಿತು. ಅಪ್ಪನ ಪ್ರಯೋಗಗಳಿಂದ ನಿಜವಾಗಿ ಲಾಭವಾದದ್ದು ಅದಕ್ಕೇ ಎಂದು ಅಮ್ಮ ನಗುತ್ತಿದ್ದರು.

ಅಮ್ಮನ ದಿನ ಬೆಳಗಿನ ಐದಕ್ಕೆ ಹಟ್ಟಿಯಲ್ಲಿ ಶುರು. ನಮ್ಮಲ್ಲಿದ್ದದ್ದು ಊರಿನ ಗಿಡ್ಡ ದನಗಳು. ಈಗ ಮಲೆನಾಡು ಗಿಡ್ಡ ಎಂಬ ಹೆಸರಿನಲ್ಲಿ ದೇಶದ ಅಧಿಕೃತ ತಳಿಗಳ ಪಟ್ಟಿಯಲ್ಲಿ ಅದೂ ಸೇರಿದೆ. ಆಗ ಅದಕ್ಕೆ ತಳಿ ಎಂಬ ಗೌರವವೇ ಇರಲಿಲ್ಲ, ಬರೀ ‘ಊರ ದನ’. ಬೊಳ್ಳಿ, ಕಪಿಲೆ, ತುಂಗೆ, ಕೆಂಪಿ. ಹಗಲೆಲ್ಲ ಗುಡ್ಡದಲ್ಲಿ ಮೇದು ಸಂಜೆ ಅಮ್ಮನ ಒಂದು ಕೂಗಿಗೆ ಇಳಿದು ಬರುತ್ತಿದ್ದವು. ಅಕ್ಕಚ್ಚು, ಒಂದು ಹಿಡಿ ಬೈಹುಲ್ಲು, ಅಷ್ಟೇ ಅವುಗಳ ಖರ್ಚು. ಹಾಲೂ ಹಾಗೆಯೇ, ದಿನಕ್ಕೆ ಒಂದೆರಡು ಲೀಟರು. ನಾಯಿ ಕರಿಯನಿಗೆ ಹಗಲು ಮಂಗ ಓಡಿಸುವ ಕೆಲಸ. ರಾತ್ರಿ ಚಿರತೆಯ ಭಯಕ್ಕೆ ಅವನನ್ನು ಒಳಗೆ ಕಟ್ಟಬೇಕು. ಒಂದು ರಾತ್ರಿ ಹಗ್ಗ ಕಡಿದುಕೊಂಡು ಹೋದವನು ಮರಳಲಿಲ್ಲ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

1983ರಲ್ಲಿ ಅಪ್ಪ ಗೋಬರ್ ಗ್ಯಾಸ್ ಕಟ್ಟಿಸಿದರು. ಖಾದಿ ಆಯೋಗ ಅರವತ್ತರ ದಶಕದಲ್ಲೇ ಇದನ್ನು ಪ್ರಚಾರಕ್ಕೆ ತಂದಿತ್ತಾದರೂ, 1981-82ರಲ್ಲಿ ಕೇಂದ್ರ ಸರಕಾರದ ಯೋಜನೆ ಬಂದು ಸಹಾಯಧನ ಸಿಗತೊಡಗಿದ ಮೇಲೆಯೇ ಹಳ್ಳಿಹಳ್ಳಿಗೆ ಅದು ಹಬ್ಬಿದ್ದು. ಕಬ್ಬಿಣದ ದೊಡ್ಡ ಡ್ರಮ್ಮು ಗುಂಡಿಯಲ್ಲಿ ಮೇಲೇಳುವುದನ್ನು ನೋಡಲು ಊರೇ ಬಂದಿತ್ತು. ಹೊಗೆಯಿಲ್ಲದ ಅಡುಗೆಮನೆ! ಅಮ್ಮನ ಕೆಮ್ಮು ಕಡಿಮೆಯಾದದ್ದು ನಿಜ. ಆದರೆ ಎರಡು ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಅಷ್ಟೇ ನೀರು ಬೇಕು. ಅದನ್ನು ಕಲಸುವ ಕೈ ಯಾರದು? ಅಮ್ಮನದೇ. ಹಗಲು ಗುಡ್ಡದಲ್ಲಿರುವ ಗಿಡ್ಡ ದನಗಳ ರಾತ್ರಿಯ ಸಗಣಿ ಸಾಲುತ್ತಿರಲಿಲ್ಲ. ಅಪ್ಪ ಜರ್ಸಿ ಮಿಶ್ರತಳಿಯ ಎರಡು ಹಸುಗಳನ್ನು ತಂದು, ಊರ ದನಗಳನ್ನು ಮಾರಲು ನಿಂತರು.

ಅಮ್ಮ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. “ಬೊಳ್ಳಿಯನ್ನು ಕೊಡುವುದಾದರೆ ಹಟ್ಟಿಯ ಕೆಲಸ ನೀವೇ ಮಾಡಿಕೊಳ್ಳಿ” ಎಂದರು. ಬೊಳ್ಳಿ ಉಳಿಯಿತು. ಉಳಿದ ಮೂರು ಹೋದವು.

ಜರ್ಸಿ ಬಂದ ಮೇಲೆ ಹಿಂಡಿ ಕೊಳ್ಳಬೇಕಾಯಿತು, ಜ್ವರ ಬಂದರೆ ಡಾಕ್ಟರನ್ನು ಕರೆಸಬೇಕಾಯಿತು. ಹಾಲೂ ಹೆಚ್ಚಿತು. ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಡೈರಿ ಯೋಜನೆ 1974ರಲ್ಲಿ ಆರಂಭವಾಗಿತ್ತು. ನಮ್ಮ ಊರಿಗೆ ಹಾಲಿನ ಸೊಸೈಟಿ ಬಂದದ್ದು 1988ರಲ್ಲಿ. ಅಪ್ಪನಿಗೆ ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲಲು ಮನಸ್ಸಿರಲಿಲ್ಲ. ಹಾಗಾಗಿ ಸದಸ್ಯತ್ವ ಅಮ್ಮನ ಹೆಸರಿಗೆ ಆಯಿತು. ಒಂದು ಪಾಸ್ ಪುಸ್ತಕ ಬಂತು. ಅಮ್ಮನ ಹೆಸರು, ಕೆಳಗೆ ತಾರೀಕು, ಲೀಟರು, ಫ್ಯಾಟು, ರೂಪಾಯಿ. ಜೀವಮಾನದಲ್ಲಿ ಅಮ್ಮನ ದುಡಿಮೆಯನ್ನು ಯಾರೋ ಅಂಕಿಯಲ್ಲಿ ಬರೆದುಕೊಟ್ಟದ್ದು ಅದೇ ಮೊದಲು.

ಬಿಎ ಮುಗಿದಾಗ ನನ್ನನ್ನು ಮುಂದೆ ಓದಿಸುವುದು ಬೇಡವೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಮ್ಮ ಏನೂ ಹೇಳಲಿಲ್ಲ. ಪಾಸ್ ಪುಸ್ತಕ ತಂದು ಅಪ್ಪನ ಮುಂದಿಟ್ಟರು. ಬಿಎಡ್ ಕಾಲೇಜಿನ ಫೀಸು, ಹಾಸ್ಟೆಲಿನ ಖರ್ಚು ಎಲ್ಲವೂ ಆ ಹಾಲಿನ ಹಣದಿಂದಲೇ ಹೋಯಿತು. ಇಂದು ನಾನು ಸೀಮೆಸುಣ್ಣ ಹಿಡಿದಿದ್ದರೆ ಅದರ ಹಿಂದೆ ಎರಡು ಜರ್ಸಿ ಹಸುಗಳಿವೆ, ಸಗಣಿ ಕಲಸಿದ ಒಂದು ಜೊತೆ ಕೈಗಳಿವೆ.

ಅಪ್ಪನ ಕೊನೆಯ ಪ್ರಯೋಗ ವೆನಿಲ್ಲಾ. 2003ರಲ್ಲಿ ಅದರ ಬೆಲೆ ಆಕಾಶಕ್ಕೇರಿ, ಜನ ನಾಯಿ ಕಟ್ಟಿಕೊಂಡು ರಾತ್ರಿ ತೋಟ ಕಾದದ್ದು ನಿಮಗೂ ನೆನಪಿರಬಹುದು. ಈ ಹೂವು ಅರಳುವುದು ಒಂದೇ ಹೊತ್ತು. ಅಷ್ಟರೊಳಗೆ ಒಂದೊಂದನ್ನೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ಆ ವಿಧಾನವನ್ನು ಕಂಡುಹಿಡಿದವನು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಹುಡುಗ, 1841ರಲ್ಲಿ. ಅದರಿಂದ ತೋಟದ ಒಡೆಯರು ಶ್ರೀಮಂತರಾದರು. ಅವನು 1880ರಲ್ಲಿ ಬಡತನದಲ್ಲೇ ಸತ್ತ. ಅಮ್ಮ ಈರ್ಕಿಲು ಕಡ್ಡಿ ಹಿಡಿದು ಬಳ್ಳಿಯಿಂದ ಬಳ್ಳಿಗೆ ಹೋಗುವುದನ್ನು ಕಂಡಾಗಲೆಲ್ಲ ಆ ಹುಡುಗ ನೆನಪಾಗುತ್ತಿದ್ದ. ಮರುವರ್ಷದಿಂದಲೇ ಬೆಲೆ ಬಿದ್ದುಹೋಯಿತು. ಹಟ್ಟಿ ಮಾತ್ರ ಹಾಗೆಯೇ ನಡೆದಿತ್ತು. ಬೊಳ್ಳಿಯ ಮೊಮ್ಮಗಳು ಆಗ ಹಾಲು ಕೊಡುತ್ತಿದ್ದಳು.

ನಮ್ಮ ದೇಶದಲ್ಲಿ ಜಾನುವಾರು ಗಣತಿ 1919ರಿಂದ ನಡೆದುಬಂದಿದೆ. ನಮ್ಮ ಹಟ್ಟಿಗೂ ಗಣತಿಯವರು ಬಂದು ಬಾಲ ಎಣಿಸಿ ಹೋಗುತ್ತಿದ್ದರು. ಜನಗಣತಿಯವರು ಬಂದಾಗ ಅಮ್ಮನ ಉದ್ಯೋಗದ ಮನೆಯಲ್ಲಿ ಬರೆದುಕೊಂಡದ್ದು ‘ಗೃಹಿಣಿ’.

ಅಪ್ಪ 2009ರಲ್ಲಿ ತೀರಿಕೊಂಡರು. ವರ್ಷಾಂತ ಮುಗಿದ ಮೇಲೆ ಬೆಂಗಳೂರಿನಲ್ಲಿರುವ ತಮ್ಮ ಹಕ್ಕು ಬಿಡುಗಡೆ ಪತ್ರವೊಂದನ್ನು ತಂದ. “ಅಕ್ಕ, ಒಂದು ಸಹಿ.” ನಮ್ಮಂಥ ಎಷ್ಟು ಹೆಣ್ಣುಮಕ್ಕಳು ಓದದೆಯೇ ಇಂಥ ಕಾಗದಕ್ಕೆ ಸಹಿ ಹಾಕಿಲ್ಲ! ಕರ್ನಾಟಕ 1994ರಲ್ಲಿ ಕಾನೂನು ತಿದ್ದಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ನನ್ನ ಮದುವೆ 1993ರಲ್ಲಿ. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ಗಂಡನ ಆಸ್ತಿಯಲ್ಲಿ ವಿಧವೆಗೆ ಪಾಲು ಎಂಬುದು 1956ರ ಉತ್ತರಾಧಿಕಾರ ಕಾಯಿದೆಯಲ್ಲೇ ಇದೆ. ತಮ್ಮ ತಂದ ಕಾಗದದಲ್ಲಿ ಅಮ್ಮನೂ ಬಿಟ್ಟುಕೊಡುವವರ ಸಾಲಿನಲ್ಲಿದ್ದರು.

“ನನ್ನ ಪಾಲಿನ ಮಾತು ಆಮೇಲೆ. ಮೊದಲು ಅಮ್ಮನ ಹೆಸರು ಪಹಣಿಗೆ ಬರಲಿ” ಎಂದೆ. ತಮ್ಮ ಎರಡು ವರ್ಷ ನನ್ನ ಮನೆಗೆ ಬರಲಿಲ್ಲ. ನಾಗರಪಂಚಮಿಗೆ ತವರಿಗೆ ಹೋದಾಗ ನಾದಿನಿಯೂ ಮಾತಾಡಲಿಲ್ಲ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ. ಕೊನೆಗೆ ಅವನೇ ಓಡಾಡಿ ಮಾಡಿಸಿದ. ಪಹಣಿಯ ಪ್ರತಿಯನ್ನು ಅಮ್ಮನ ಕೈಗೆ ಕೊಟ್ಟಾಗ ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಸರ್ವೆ ನಂಬರು, ವಿಸ್ತೀರ್ಣ, ಅಡಿಕೆ, ತೆಂಗು ಎಲ್ಲ ಇತ್ತು. “ಇದರಲ್ಲಿ ನಮ್ಮ ಹಟ್ಟಿ ಎಲ್ಲುಂಟು ಮಗಾ?” ಎಂದು ಕೇಳಿದರು.

ಉತ್ತರ ನನ್ನ ಬಳಿ ಇರಲಿಲ್ಲ. ಅಮ್ಮ 2018ರಲ್ಲಿ ಹೋದರು. ಹಾಲಿನ ಪಾಸ್ ಪುಸ್ತಕಗಳ ಕಟ್ಟು ಈಗ ನನ್ನ ಕಪಾಟಿನಲ್ಲಿದೆ.

ಆ ಹುಡುಗಿಯನ್ನು ಮರುದಿನ ಕರೆದು, “ನಿನ್ನ ಅಜ್ಜಿಯ ಹತ್ತಿರ ಕೇಳು, ಅವರು ಯಾವ ಯಾವ ದನ ಸಾಕಿದ್ದರು, ಹಾಲು ಕರೆಯುತ್ತಿದ್ದವರು ಯಾರು ಎಂದು ಬರೆದುಕೊಂಡು ಬಾ” ಎಂದೆ. ವಾರದ ಬಳಿಕ ನೋಟುಪುಸ್ತಕದ ಹಾಳೆಯೊಂದನ್ನು ತಂದಳು. ಹನ್ನೊಂದು ದನಗಳ ಹೆಸರು, ಎರಡು ನಾಯಿಗಳ ಹೆಸರು, ಕೊನೆಗೆ ಒಬ್ಬ ಹೆಂಗಸಿನ ಹೆಸರು.

“ಇದು ಯಾರು?” ಎಂದೆ.

“ಅಜ್ಜಿ, ಟೀಚರ್. ಅವರ ಹೆಸರು ನನಗೆ ಗೊತ್ತೇ ಇರಲಿಲ್ಲ.”