ಮೃಗಯೆ, ಆಯುಧ ಮತ್ತು ಶ್ರಾವಕಧರ್ಮ

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ಪೂರ್ವಾಚಾರ್ಯರು ಬೇಟೆಯನ್ನೂ ಎಣಿಸಿದ್ದಾರೆ. ಜೂಜು, ಮದ್ಯ, ಮಾಂಸ, ಕಳ್ಳತನ ಮೊದಲಾದವುಗಳ ಸಾಲಿನಲ್ಲಿ ಮೃಗಯೆಯನ್ನು ಇರಿಸುವಾಗ, ಇಂಥ ಆಯುಧದಿಂದ ಕೊಂದರೆ ದೋಷ, ಇಂಥದರಿಂದ ಕೊಂದರೆ ನಿರ್ದೋಷ ಎಂಬ ವಿಭಾಗವನ್ನು ಅವರು ಮಾಡಲಿಲ್ಲ. ಲೋಕದ ಶಾಸನಗಳಾದರೋ ಬಹುಕಾಲ ಈ ವಿಭಾಗದ ಸುತ್ತಲೇ ತಿರುಗಿವೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯವು 1934ರಲ್ಲಿ ಬಿಲ್ಲುಗಾರರಿಗಾಗಿಯೇ ಜಿಂಕೆ ಬೇಟೆಯ ಪ್ರತ್ಯೇಕ ಋತುವನ್ನು ಗೊತ್ತುಪಡಿಸಿತು. ಮುಂದೆ ಇತರ ರಾಜ್ಯಗಳಲ್ಲಿಯೂ ಇಂತಹ ಋತುಗಳು ಬಂದವು. ಆ ಋತುವಿನಲ್ಲಿ ಅಡ್ಡಬಿಲ್ಲಿಗೆ ಅವಕಾಶವಿರಬೇಕೆ ಎಂಬ ವಿವಾದ ದಶಕಗಳ ಕಾಲ ನಡೆಯಿತು. ಬಿಲ್ಲನ್ನು ಸೆಳೆದು ಹಿಡಿಯಲು ತೋಳಿನ ಬಲ ಬೇಕು, ಮೃಗದ ಸಮೀಪಕ್ಕೆ ಹೋಗುವ ತಾಳ್ಮೆ ಬೇಕು. ಅಡ್ಡಬಿಲ್ಲಿನಲ್ಲಿಯೋ ಹೆದೆಯನ್ನು ಮೊದಲೇ ಎಳೆದು ಸಿಕ್ಕಿಸಿ, ಬಂದೂಕಿನಂತೆ ಕುದುರೆಯನ್ನು ಒತ್ತಿದರೆ ಸಾಕು. ಇದು ಮೃಗಕ್ಕೆ ಮಾಡುವ ಅನ್ಯಾಯವೆಂದು ಒಂದು ಪಕ್ಷ. ವೃದ್ಧರಿಗೂ ಅಂಗವಿಕಲರಿಗೂ ಇದರಿಂದ ಅನುಕೂಲವೆಂದು ಇನ್ನೊಂದು ಪಕ್ಷ. ವಿಸ್ಕಾನ್ಸಿನ್ 2014ರಿಂದ ಅಡ್ಡಬಿಲ್ಲಿಗೂ ಋತುವೊಂದನ್ನು ಕೊಟ್ಟಿದೆ. ಎರಡೂ ಪಕ್ಷಗಳು ಬೇಟೆಗಾರನ ಕೌಶಲ್ಯವನ್ನೂ ಅನುಕೂಲವನ್ನೂ ತೂಗಿದವು. ಜಿಂಕೆಯ ಪಾಲಿಗೆ ಎರಡೂ ಬಾಣಗಳೇ. ಗುರಿ ಚ್ಯುತವಾದರೆ ಯಾವ ಬಾಣವೇ ಆಗಲಿ, ಗಾಯಗೊಂಡ ಪ್ರಾಣಿ ಬೇಟೆಗಾರನ ಕಣ್ತಪ್ಪಿಸಿ ಕಾಡಿನೊಳಗೆ ನರಳಿ ಸಾಯಬಹುದು.

ಕನ್ನಡ ನಾಡಿನಲ್ಲಿಯೂ ಮೃಗಯೆಯು ರಾಜಭೋಗವಾಗಿತ್ತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಯು ಅರಸನ ವಿನೋದಗಳಲ್ಲೊಂದು, ಸಾಕಿದ ಜಿಂಕೆಯನ್ನು ಮುಂದಿಟ್ಟು ಕಾಡುಜಿಂಕೆಯನ್ನು ಸೆಳೆಯುವ ವಿಧಾನವೂ ಅಲ್ಲಿದೆ. ಜಿನಧರ್ಮಕ್ಕೆ ಆಶ್ರಯವಿತ್ತ ಗಂಗವಂಶದ ಅರಸರ ಕಾಲವೂ ಇದಕ್ಕೆ ಹೊರತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಶಾಸನವು, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ನಾಯಿಯ ಶೌರ್ಯಕ್ಕೆ ಕಲ್ಲು ನಿಂತಿತು. ಅದರೊಡನೆ ಸತ್ತ ಹಂದಿಯ ನೋವಿಗೆ ಸಾಕ್ಷಿಯಿಲ್ಲ.

ಆ ಸಾಕ್ಷಿಯನ್ನು ನುಡಿದವನು ಜನ್ನ. 1209ರಲ್ಲಿ ಪೂರ್ಣಗೊಂಡ ‘ಯಶೋಧರ ಚರಿತೆ’ಯಲ್ಲಿ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಅರಸನೂ ಆ ತಾಯಿಯೂ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಅಲ್ಲಿ ರಕ್ತ ಹರಿಯಲಿಲ್ಲ, ಸಂಕಲ್ಪ ಮಾತ್ರವಿತ್ತು. ಮುಂದೆ ಅವರಿಬ್ಬರೂ ಕೋಳಿಗಳಾಗಿ ಹುಟ್ಟಿ ಧರ್ಮಶ್ರವಣ ಮಾಡಿ ಕೂಗಿದಾಗ, ಯಶೋಧರನ ಮಗ ಯಶೋಮತಿಯು ರಾಣಿಯೆದುರು ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲು ಬಾಣವನ್ನು ಬಿಡುತ್ತಾನೆ. ಕಾಣದ ಗುರಿಯನ್ನು ದನಿಯಿಂದಲೇ ಭೇದಿಸುವುದು ಧನುರ್ವಿದ್ಯೆಯ ಪರಾಕಾಷ್ಠೆ. ಆದರೆ ಕೊಂದ ಆ ಜೀವಗಳೇ ಅವನ ರಾಣಿಯ ಗರ್ಭದಲ್ಲಿ ಅವಳಿ ಮಕ್ಕಳಾಗಿ ಬರುತ್ತವೆ. ಬಿಲ್ಲಿನ ಕೌಶಲ್ಯವು ಹಿಂಸೆಯ ಭಾರವನ್ನು ಎಳ್ಳಷ್ಟೂ ತಗ್ಗಿಸಲಿಲ್ಲವೆಂಬುದು ಕಥೆಯ ಇಂಗಿತ.

ಕರಾವಳಿಯತ್ತ ನೋಡಿದರೆ, ಮೀನುಗಾರಿಕೆಯ ಬಂದರಾದ ಭಟ್ಕಳ ತಾಲೂಕಿನ ತೆಂಗಿನಗುಂಡಿಯಿಂದ ಪೂರ್ವಕ್ಕೆ ನೆಲ ಬೇಗನೆ ಸಹ್ಯಾದ್ರಿಯ ಕಡೆಗೆ ಏರುತ್ತದೆ. ಆ ಒಳನಾಡಿನಲ್ಲಿಯೇ ಸಂಗೀತಪುರವೆಂದು ಹೆಸರಾಗಿದ್ದ ಹಾಡುವಳ್ಳಿಯ ಬಸದಿಗಳಿವೆ. ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿಯಿದೆ. ಬಸದಿಯ ಸುತ್ತಲಿನ ಕಾಡೇ ಕಡವೆ, ಕಾಡುಕುರಿ, ಬರಿಂಕಗಳ ನೆಲೆ. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಜಿಲ್ಲೆಯು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಬ್ರಿಟಿಷರ 1912ರ ವನ್ಯಪಕ್ಷಿ ಮತ್ತು ಪ್ರಾಣಿ ಸಂರಕ್ಷಣಾ ಶಾಸನವು ಜಿಂಕೆ ಮೊದಲಾದ ಪ್ರಾಣಿಗಳಿಗೆ ಬೇಟೆನಿಷೇಧದ ಋತುವನ್ನು ಗೊತ್ತುಪಡಿಸಲು ಪ್ರಾಂತ ಸರ್ಕಾರಗಳಿಗೆ ಅಧಿಕಾರವಿತ್ತಿತು. ಸ್ವತಂತ್ರ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಆರಂಭದಲ್ಲಿ ಪರವಾನಿಗೆಯ ಬೇಟೆಗೆ ಎಡೆಗೊಟ್ಟಿತ್ತು. ವಿಷಲೇಪಿತ ಆಯುಧ, ಬಲೆ, ಗುಂಡಿ, ಉರುಳುಗಳನ್ನು ಅದು ನಿರ್ಬಂಧಿಸಿತು; ರಾತ್ರಿಯ ಬೇಟೆಗೂ ನೀರುಗುಂಡಿಯ ಬಳಿಯ ಬೇಟೆಗೂ ತಡೆಯೊಡ್ಡಿತು. ಇವು ವ್ಯರ್ಥ ನಿಯಮಗಳಲ್ಲ; ಅವುಗಳಿಂದ ಎಷ್ಟೋ ಜೀವಗಳು ಉಳಿದಿರಬಹುದು. ಆದರೂ ಅದು ಇನ್ನೂ ‘ಹೇಗೆ ಕೊಲ್ಲಬೇಕು’ ಎಂಬ ಪ್ರಶ್ನೆಗೆ ಉತ್ತರವಾಗಿತ್ತು. 1991ರ ತಿದ್ದುಪಡಿಯು ಪರವಾನಿಗೆಯ ಬೇಟೆಯ ವಿಧಿಗಳನ್ನೇ ತೆಗೆದುಹಾಕಿತು. ಪ್ರಾಣಭಯ, ಬೆಳೆಹಾನಿ ಮೊದಲಾದ ನಿರ್ದಿಷ್ಟ ಕಾರಣಗಳಿಗೆ ಅಧಿಕಾರಿಯ ಲಿಖಿತ ಅನುಮತಿ ಹಾಗೂ ಸದುದ್ದೇಶದ ಆತ್ಮರಕ್ಷಣೆ, ಇವನ್ನು ಬಿಟ್ಟರೆ ಅನುಸೂಚಿಯ ಪ್ರಾಣಿಗಳ ಬೇಟೆ ಸಲ್ಲದಾಯಿತು. ಬಿಲ್ಲೋ ಅಡ್ಡಬಿಲ್ಲೋ ಎಂಬ ಪ್ರಶ್ನೆ ಭಾರತದಲ್ಲಿ ಹೀಗೆ ಮುಗಿಯಿತು.

ಸಂಕಲ್ಪಿ ಹಿಂಸೆಯನ್ನು ವಿರೋಧಿ ಹಿಂಸೆಯಿಂದ ಬೇರ್ಪಡಿಸಿ, ಗೃಹಸ್ಥನಿಗೆ ಮೊದಲನೆಯದನ್ನು ಸರ್ವಥಾ ನಿಷೇಧಿಸಿದ ಜೈನವಿಚಾರಕ್ಕೆ ಈ ನೆಲೆ ಅಪರಿಚಿತವಲ್ಲ. ಆದರೆ ಶಾಸನ ಬಂದೊಡನೆ ಹೊಣೆ ಮುಗಿಯುವುದಿಲ್ಲ. ಕಾಡಂಚಿನ ಗದ್ದೆ, ತೋಟಗಳಲ್ಲಿ ಹಂದಿಯ ಹಾವಳಿ ನಿಜ. ವರ್ಷದ ಬೆಳೆಯನ್ನು ಒಂದು ರಾತ್ರಿಯಲ್ಲಿ ಕಳೆದುಕೊಂಡ ರೈತನ ಸಂಕಟವೂ ನಿಜ. ಅದಕ್ಕೆ ಪರಿಹಾರವೆಂದು ತಂತಿಯ ಉರುಳನ್ನು ಒಡ್ಡಿದರೆ, ಬೇಲಿಗೆ ವಿದ್ಯುತ್ತನ್ನು ಹರಿಸಿದರೆ, ಹಂದಿಯೆಂದೂ ಕಡವೆಯೆಂದೂ ಆ ತಂತಿಗೆ ಭೇದ ತಿಳಿಯದು. ಉರುಳೊಡ್ಡುವುದೂ, ಅದರ ಪ್ರಯತ್ನವೂ ಕಾಯಿದೆಯ ಕಣ್ಣಿನಲ್ಲಿ ಬೇಟೆಯೇ.

ಇಲ್ಲಿ ಶ್ರಾವಕ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಯೋಚಿಸಬೇಕಾದ ಅಂಶವೊಂದಿದೆ. ತಾನು ಆಯುಧ ಹಿಡಿಯಲಿಲ್ಲವೆಂಬುದು ಸಮಾಧಾನವಾಗಲಾರದು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡಗಳನ್ನು ಹೇಳುವಾಗ ಹಿಂಸಾದಾನವನ್ನು, ಎಂದರೆ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರಿಗೆ ಕೊಡುವುದನ್ನು, ಒಂದು ದೋಷವೆಂದು ಎಣಿಸಿದ್ದಾರೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದಲೂ ಕರ್ಮ ಒಳಬರುತ್ತದೆ. ಗೇಣಿಗೆ ಕೊಟ್ಟ ತೋಟದಲ್ಲಿ ಉರುಳಿದೆಯೆಂದು ತಿಳಿದೂ ಗೇಣಿಯನ್ನು ಸ್ವೀಕರಿಸಿದರೆ ಅದು ಅನುಮೋದನೆಯಲ್ಲದೆ ಮತ್ತೇನು? ಗೇಣಿಪತ್ರದಲ್ಲಿ ಉರುಳನ್ನೂ ವಿದ್ಯುತ್ ತಂತಿಯನ್ನೂ ನಿಷೇಧಿಸುವ ಒಂದು ವಾಕ್ಯವನ್ನು ಸೇರಿಸುವುದು, ಗಟ್ಟಿ ಬೇಲಿಯ ವೆಚ್ಚದಲ್ಲಿ ಪಾಲು ಕೊಡುವುದು, ಬೆಳೆಹಾನಿಯ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಬರೆದುಕೊಡುವುದು ಯಾವ ಮಂಡಳಿಗೂ ಅಸಾಧ್ಯವಲ್ಲ. ಅಹಿಂಸೆಯ ಖರ್ಚನ್ನು ಬಡ ಗೇಣಿದಾರನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ವಿವಾಹದ ಔತಣಕ್ಕೆಂದು ಕೂಡಿಹಾಕಿದ ಮೃಗಗಳ ಆಕ್ರಂದನವನ್ನು ಕೇಳಿ ರಥವನ್ನು ಹಿಂದಿರುಗಿಸಿದ ನೇಮಿನಾಥ ಸ್ವಾಮಿಯು ಅವುಗಳನ್ನು ಯಾವ ಕತ್ತಿಯಿಂದ ಕೊಲ್ಲುವರೆಂದು ವಿಚಾರಿಸಲಿಲ್ಲ. ಯಾರಿಗಾಗಿ ಕೂಡಿಹಾಕಿದ್ದಾರೆಂದು ವಿಚಾರಿಸಿದನು. ತನಗಾಗಿ ಎಂದು ತಿಳಿದಾಗ ಆ ಹೊಣೆಯನ್ನು ತನ್ನದೆಂದೇ ಬಗೆದನು.