ಡೊಳ್ಳು ಹೊತ್ತವರ ಮಜಲುಗಳು

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಚರ್ಮವಾದ್ಯಗಳ ಉತ್ಪತ್ತಿಯನ್ನು ಕುರಿತು ಒಂದು ರಮ್ಯವಾದ ಕಥೆಯುಂಟು. ಒಂದು ಅನಧ್ಯಾಯದ ದಿನ ಸ್ವಾತಿಯೆಂಬ ಮುನಿಯು ನೀರು ತರುವದಕ್ಕೆಂದು ಸರೋವರಕ್ಕೆ ಹೋದನು. ಅಷ್ಟರಲ್ಲಿ ಮಳೆ ಸುರಿಯಹತ್ತಿತು. ಹಿರಿದು, ಕಿರಿದು, ನಡುತರದ ತಾವರೆಯೆಲೆಗಳ ಮೇಲೆ ಬಿದ್ದ ಹನಿಗಳು ಬೇರೆ ಬೇರೆ ನಾದಗಳನ್ನು ಹೊರಡಿಸಿದವು. ಅವನ್ನು ಮನಸ್ಸಿನಲ್ಲಿ ಧರಿಸಿಕೊಂಡು ಆಶ್ರಮಕ್ಕೆ ಮರಳಿದ ಮುನಿಯು ವಿಶ್ವಕರ್ಮನ ಸಹಾಯದಿಂದ ಮೃದಂಗವೇ ಮೊದಲಾದ ವಾದ್ಯಗಳನ್ನು ನಿರ್ಮಿಸಿದನು. ಹೀಗೆ ಶಾಸ್ತ್ರದಲ್ಲಿ ಮಳೆಯು ವಾದ್ಯದ ತಾಯಿಯಾಗಿದೆ. ಆದರೆ ಅದೇ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಊರಿಂದೂರಿಗೆ ನಡೆದವರಿಗೆ ಮಳೆಯಂಥ ವೈರಿಯು ಮತ್ತೊಂದಿಲ್ಲ. ತೊಯ್ದ ತೊಗಲು ನುಡಿಯುವದಿಲ್ಲ. ವಾದ್ಯದ ಹುಟ್ಟನ್ನು ಬಣ್ಣಿಸಿದವರು ಅನೇಕರು. ವಾದ್ಯವು ತುಳಿದ ಹಾದಿಯನ್ನು ಬಣ್ಣಿಸಿದವರು ವಿರಳ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ಸೀಮೆಗಳಲ್ಲಿ ವಾದ್ಯಮೇಳವಿಲ್ಲದ ಜಾತ್ರೆಯೆಂದರೆ ದೀಪವಿಲ್ಲದ ಗುಡಿಯಿದ್ದಂತೆ. ಇವುಗಳಲ್ಲಿ ಮೂರು ಬಗೆಯ ಮೇಳಗಳು ಮುಖ್ಯವಾದವು. ಡೊಳ್ಳು ಹಾಲುಮತದವರ ದೈವವಾದ್ಯವು. ಶಿವನು ಡೊಳ್ಳಾಸುರನನ್ನು ಕೊಂದು ಅವನ ಚರ್ಮದಿಂದ ಇದನ್ನು ಮಾಡಿದನೆಂಬದು ಅವರ ಐತಿಹ್ಯ. ಬೀರದೇವರ ಮತ್ತು ಮಾಯಕ್ಕನ ಸನ್ನಿಧಿಯಲ್ಲಿ ಅದು ಮೊಳಗಲೇ ಬೇಕು. ಎರಡನೆಯದು ಕರಡಿಮಜಲು, ಇದರಲ್ಲಿ ಕರಡಿವಾದ್ಯವೂ ದೊಡ್ಡ ತಾಳವೂ ಸನಾದಿಯೂ ಕೂಡಿ ನುಡಿಯುವವು. ಮೂರನೆಯದು ಹಲಗೆ. ಇದು ಎಲ್ಲ ಮೆರವಣಿಗೆಗಳ ಮುಂದೆ ನಡೆಯುವ ವಾದ್ಯವು. ಇದನ್ನು ಬಾರಿಸುವವರು ಮಾತ್ರ ಎಲ್ಲರಿಗಿಂತ ಹಿಂದೆ ಉಳಿದವರು. ಆ ಸಂಗತಿಯು ಮುಂದೆ ಬರುವದು.

ಮಜಲೆಂಬ ಶಬ್ದವನ್ನು ಇಲ್ಲಿ ಗಮನಿಸತಕ್ಕದ್ದು. ಕನ್ನಡದಲ್ಲಿ ಮಜಲೆಂದರೆ ಪ್ರಯಾಣದ ಒಂದು ಹಂತ, ದಾರಿಕಾರರು ತಂಗುವ ಎಡೆ. ವಾದ್ಯದ ಹೆಸರಿನಲ್ಲಿಯೂ ಹಾದಿಯ ಲೆಕ್ಕದಲ್ಲಿಯೂ ಒಂದೇ ಶಬ್ದವು ನಿಂತಿರುವದು ಈ ಮೇಳಗಳ ಇತಿಹಾಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಏಕೆಂದರೆ ಇವರ ಜೀವನವೆಲ್ಲ ಒಂದು ಮಜಲಿನಿಂದ ಇನ್ನೊಂದು ಮಜಲಿಗೆ ನಡೆಯುವದರಲ್ಲಿಯೇ ಕಳೆಯಿತು.

ಮೇಳಗಳ ಸಂಚಾರಕ್ಕೆ ಕಾಲವನ್ನು ಗೊತ್ತುಮಾಡಿದ್ದು ಬೆಳೆ ಮತ್ತು ದೇವರು. ಮಳೆಗಾಲದಲ್ಲಿ ಹೊಲದ ಕೆಲಸ. ಸುಗ್ಗಿಯ ಸುಮಾರಿನಿಂದ ಜಾತ್ರೆಗಳ ಸಾಲು. ಶರದೃತುವಿನಲ್ಲಿ ಕೊಲ್ಹಾಪುರ ಸೀಮೆಯ ಪಟ್ಟಣಕೊಡೋಲಿಯ ಬೀರದೇವರ ಜಾತ್ರೆಗೆ ಕನ್ನಡ ಕುರುಬರೂ ಮರಾಠಿ ಧನಗರರೂ ಒಟ್ಟಾಗಿ ನೆರೆದು ಭಂಡಾರವನ್ನು ತೂರುವರು. ಭರತ ಹುಣ್ಣಿಮೆಯ ಸುಮಾರಿಗೆ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ. ಇದಕ್ಕೂ ಎರಡು ಪ್ರಾಂತಗಳ ಬಂಡಿಗಳು ಬರುವವು. ಇವು ದೊಡ್ಡ ಜಾತ್ರೆಗಳು. ಇವುಗಳ ನಡುವೆ ಹಳ್ಳಿ ಹಳ್ಳಿಗಳ ಚಿಕ್ಕ ಜಾತ್ರೆಗಳು ಲೆಕ್ಕವಿಲ್ಲದಷ್ಟು. ಒಂದೂರಿನವರು ವೀಳ್ಯ ಕೊಟ್ಟರೆ ಮೇಳವು ಅಲ್ಲಿಗೆ ಹೋಗಲೇ ಬೇಕು. ವೀಳ್ಯ ಹಿಡಿದು ತಪ್ಪಿದ ಮೇಳಕ್ಕೆ ಮತ್ತೆ ಕರೆ ಬರುವದಿಲ್ಲ.

ಆದರೆ ಹೋಗುವ ಹಾದಿಯು ಹೇಗಿದ್ದಿತು? ಪುಣೆಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯು ನಿಪ್ಪಾಣಿಯನ್ನು ಹಾದು ಹೋಗುವದರಿಂದ ಆ ಊರಿನವರಿಗೆ ತಕ್ಕಮಟ್ಟಿನ ಅನುಕೂಲವಿದ್ದಿತು. ಉಳಿದ ಭಾಗವೆಲ್ಲ ಬಂಡಿಯ ಜಾಡು. ಅಥಣಿ ಕಾಗವಾಡಗಳು ಕೃಷ್ಣೆಯ ಒಂದು ದಂಡೆಗೆ, ಚಿಕ್ಕೋಡಿ ರಾಯಬಾಗಗಳು ಇನ್ನೊಂದು ದಂಡೆಗೆ. ನಿಪ್ಪಾಣಿ ಚಿಕ್ಕೋಡಿಗಳ ಸೀಮೆಯಲ್ಲಿ ವೇದಗಂಗೆ ದೂಧಗಂಗೆಗಳು ಅಡ್ಡ. ಸೇತುವೆಗಳಾಗುವದಕ್ಕೆ ಮೊದಲು ನಾವೆಯೇ ಗತಿ. ಎರೆಯ ಭೂಮಿಯಲ್ಲಿ ಒಂದು ಅಕಾಲದ ಮಳೆ ಬಿದ್ದರೆ ಸಾಕು, ಗಾಲಿಗೆ ಅಂಟಿದ ಮಣ್ಣಿನಿಂದ ಬಂಡಿಯು ಅಡಿಯಿಡದು. ಆಗ ವಾದ್ಯಗಳು ಬಂಡಿಯಿಂದಿಳಿದು ತರುಣರ ಹೆಗಲನ್ನೇರುವವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯು ಮಿರಜದಿಂದ ಬೆಳಗಾವಿಯ ಕಡೆಗೆ ಹಳಿ ಹಾಕಿತು. ಉಗಾರ, ಕುಡಚಿ, ಚಿಂಚಲಿ, ರಾಯಬಾಗಗಳಿಗೆ ನಿಲ್ದಾಣಗಳಾದವು. ಕುಡಚಿಯ ಹತ್ತಿರ ಕೃಷ್ಣೆಯ ಮೇಲೆ ರೇಲ್ವೆ ಸೇತುವೆಯಾಯಿತು. ಆದರೂ ಅಥಣಿ, ನಿಪ್ಪಾಣಿ, ಚಿಕ್ಕೋಡಿ ಪಟ್ಟಣಗಳನ್ನು ಹಳಿಯು ಮುಟ್ಟಲಿಲ್ಲ, ಇಂದಿಗೂ ಮುಟ್ಟಿಲ್ಲ. ಚಿಕ್ಕೋಡಿ ರೋಡ ಎಂಬ ನಿಲ್ದಾಣದಲ್ಲಿ ಇಳಿದವನಿಗೆ ಚಿಕ್ಕೋಡಿಯು ಇನ್ನೂ ಬಹು ದೂರ. ಹೀಗಾಗಿ ಮೇಳದವರ ಪಾಲಿಗೆ ರೇಲ್ವೆಯು ಹಾದಿಯನ್ನು ಚಿಕ್ಕದು ಮಾಡಿತೇ ಹೊರತು ಹೊರೆಯನ್ನು ಕಡಿಮೆ ಮಾಡಲಿಲ್ಲ.

ಈ ಹೊರೆಯು ಸಾಮಾನ್ಯದ್ದಲ್ಲ. ಮರದ ದಿಮ್ಮಿಯನ್ನು ಕೊರೆದು, ಎರಡೂ ಮುಖಗಳಿಗೆ ತೊಗಲು ಹೊದಿಸಿ, ಹಗ್ಗದಿಂದ ಬಿಗಿದ ದೊಡ್ಡ ಡೊಳ್ಳು ಹತ್ತು ಕಿಲೋಗ್ರಾಮನ್ನು ಮೀರಿ ತೂಗುವದು. ಅದನ್ನು ಕೊರಳಿಗೂ ನಡುವಿಗೂ ಕಟ್ಟಿಕೊಂಡು, ಬಲಗೈಯಲ್ಲಿ ಕೋಲು ಹಿಡಿದು, ಎಡ ಅಂಗೈಯಿಂದ ಬಡಿಯುತ್ತ, ಕುಣಿಯುತ್ತ, ಸುತ್ತುತ್ತ ನಡೆಯಬೇಕು. ಹೊಸದಾಗಿ ಮೇಳ ಸೇರಿದ ಹುಡುಗನಿಗೆ ಮೊದಲು ಹೆಗಲ ಮೇಲೆ ಪಟ್ಟಿಯ ಬಾಸುಂಡೆ, ಬಳಿಕ ಅಂಗೈಯಲ್ಲಿ ಬೊಬ್ಬೆ, ಬೊಬ್ಬೆಯೊಡೆದು ಗಾಯ, ಗಾಯ ಮಾಗಿ ಜಡ್ಡು. ಜಡ್ಡುಗಟ್ಟಿದ ಮೇಲೆ ಅವನು ಮೇಳದವನೆನಿಸುವನು. ಇದಕ್ಕೆ ಪಾಠಶಾಲೆಯಿಲ್ಲ, ಪುಸ್ತಕವಿಲ್ಲ. ತಂದೆಯ ಅಥವಾ ಸೋದರಮಾವನ ಹಿಂದೆ ನಡೆಯುತ್ತ ಕಲಿತದ್ದೇ ವಿದ್ಯೆಯು.

ಮನುಷ್ಯನಿಗಿಂತ ಹೆಚ್ಚಿನ ಆರೈಕೆಯನ್ನು ಬೇಡುವದು ತೊಗಲು. ಇಬ್ಬನಿ ಬಿದ್ದರೆ ಅದು ಸಡಿಲಾಗಿ ಮಂಕಾದ ಸದ್ದು ಕೊಡುವದು. ಉರಿಬಿಸಿಲಿಗೆ ಬಿಗಿದು ಸೀಳುವದು. ಬೆಂಕಿಗೆ ಹಿಡಿದು ಹದಗೊಳಿಸಬೇಕು; ಒಂದು ಕ್ಷಣ ಹೆಚ್ಚಾದರೆ ಸುಟ್ಟುಹೋಗುವದು. ಇದಕ್ಕಾಗಿ ಎಲ್ಲರೂ ಮಲಗಿದ ಮೇಲೆಯೂ ಒಬ್ಬ ಹುಡುಗನು ಬೆಂಕಿಯ ಬದಿಯಲ್ಲಿ ಎಚ್ಚರವಾಗಿರಬೇಕಾಗುವದು. ಅಥಣಿ ನಿಪ್ಪಾಣಿಗಳಲ್ಲಿ ಚರ್ಮದ ಕಸಬು ಹಳೆಯದಾದ್ದು ಮೇಳಗಳ ಭಾಗ್ಯವೇ ಸರಿ. ಕೊಲ್ಹಾಪುರಿಯೆಂದು ಜಗತ್ತು ಕರೆಯುವ ಪಾದರಕ್ಷೆಗಳ ಭೌಗೋಳಿಕ ಗುರುತಿನಲ್ಲಿ 2019ರಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿತು. ತೊಗಲನ್ನು ಹದಮಾಡಬಲ್ಲ ಕೈಗಳು ಸಮೀಪದಲ್ಲಿಲ್ಲದಿದ್ದರೆ ಈ ನಾಡಿನ ವಾದ್ಯಗಳು ಬಹು ಹಿಂದೆಯೇ ಮೂಕವಾಗುತ್ತಿದ್ದವು.

ಇಷ್ಟು ಕಷ್ಟಪಟ್ಟು ಊರು ತಲುಪಿದ ಮೇಲೆ ಸ್ಪರ್ಧೆಯ ಕಷ್ಟವು ಬೇರೆ. ಈ ಸೀಮೆಯ ಡೊಳ್ಳಿನ ಹಾಡಿಕೆಯಲ್ಲಿ ಎರಡು ಮೇಳಗಳು ಎದುರುಬದುರಾಗಿ ನಿಲ್ಲುವವು. ಒಂದು ಹರದೇಶಿಯ ಪಕ್ಷ ಹಿಡಿದು ಪುರುಷನು ಹೆಚ್ಚೆಂದು ಹಾಡುವದು; ಇನ್ನೊಂದು ನಾಗೇಶಿಯ ಪಕ್ಷ ಹಿಡಿದು ಪ್ರಕೃತಿಯು ಹೆಚ್ಚೆಂದು ಹಾಡುವದು. ಸವಾಲಿಗೆ ಜವಾಬು, ಜವಾಬಿಗೆ ಮರುಸವಾಲು. ಹೀಗೆ ರಾತ್ರಿಯೆಲ್ಲ ವಾದವು ನಡೆದು ಬೆಳಗಾಗುವದು. ಶಾಸ್ತ್ರಗಳಲ್ಲಿ ಸಾಂಖ್ಯರಿಗೂ ಶಾಕ್ತರಿಗೂ ಸಲ್ಲಬೇಕಾದ ಚರ್ಚೆಯನ್ನು ಅಕ್ಷರ ಬಾರದ ಕುರಿಗಾಹಿಗಳು ಸಾವಿರಾರು ಜನರೆದುರಿಗೆ ನಡೆಯಿಸುವದನ್ನು ಕಂಡರೆ ಪಂಡಿತರೂ ಬೆರಗಾಗುವರು. ಆದರೆ ಹಾಡುವವನು ಉಸಿರು ತೆಗೆದುಕೊಳ್ಳುವಾಗಲೂ ಬಾರಿಸುವವನಿಗೆ ವಿಶ್ರಾಂತಿಯಿಲ್ಲ. ಹಾಡಿನ ಕಡೆಯ ನುಡಿಯಲ್ಲಿ ಊರಿನ ಹೆಸರು ಬರುವದು, ದೇವರ ಹೆಸರು ಬರುವದು, ಕವಿಯ ಹೆಸರೂ ಬರುವದು. ಬಡಿದ ಹುಡುಗನ ಹೆಸರು ಎಲ್ಲಿಯೂ ಬರುವದಿಲ್ಲ. ಗೆದ್ದರೆ ರುಮಾಲು ಹಿರಿಯನ ತಲೆಗೆ. ಸೋತರೆ ಮೂದಲಿಕೆಯು ಎಲ್ಲರಿಗೂ ಸಮಪಾಲು.

ದುರ್ಭಿಕ್ಷವೂ ರೋಗವೂ ಬಂದಾಗ ಈ ಜನರ ಸ್ಥಿತಿಯು ಇನ್ನೂ ಕಠಿಣವಾಯಿತು. 1876–77ರ ಬರದಲ್ಲಿ ಬೆಳಗಾವಿ ಜಿಲ್ಲೆಯು ಬಹಳ ಬೆಂದಿತು. ಕಾಳಿಲ್ಲದ ಊರಿನಲ್ಲಿ ಜಾತ್ರೆಯೆಲ್ಲಿಯದು, ವೀಳ್ಯವೆಲ್ಲಿಯದು? ಇಪ್ಪತ್ತು ವರ್ಷಗಳ ತರುವಾಯ ಪ್ಲೇಗು ಬಂದಿತು. ಆಗ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಜನಸಂದಣಿಯನ್ನು ತಡೆಯುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಅದೇ ಕಾಯಿದೆಯು ನೂರಿಪ್ಪತ್ತಮೂರು ವರ್ಷಗಳ ಮೇಲೆ, 2020ರ ಕೊರೋನಾ ಕಾಲದಲ್ಲಿ, ಮತ್ತೆ ಉಪಯೋಗಕ್ಕೆ ಬಂದು ಜಾತ್ರೆಗಳು ನಿಂತವು. ಅದಕ್ಕೂ ಒಂದು ವರ್ಷ ಮೊದಲು, 2019ರ ಆಗಸ್ಟಿನಲ್ಲಿ, ಕೃಷ್ಣೆ ಮತ್ತು ಅದರ ಉಪನದಿಗಳ ನೆರೆಯು ಈ ಸೀಮೆಯ ಹಳ್ಳಿಗಳನ್ನು ಮುಳುಗಿಸಿತ್ತು. ಲೋಕವು ವಾದ್ಯವನ್ನು ಉತ್ಸವದ ಸೊತ್ತೆಂದು ತಿಳಿಯುವದು. ಉತ್ಸವ ನಿಂತ ವರ್ಷ ವಾದ್ಯದವನು ಏನುಣ್ಣುವನೆಂಬದನ್ನು ಲೋಕವು ಕೇಳುವದಿಲ್ಲ.

ಹಲಗೆಯವರ ಕಷ್ಟವು ಇವೆಲ್ಲಕ್ಕಿಂತ ಆಳವಾದದ್ದು. ದೇವರ ಪಲ್ಲಕ್ಕಿಯ ಮುಂದೆ ಅವರ ವಾದ್ಯವೇ ಮೊದಲು. ಗುಡಿಯ ಹೊಸ್ತಿಲು ಬಂದೊಡನೆ ಅವರೇ ಹೊರಗೆ. ಪರವೂರಿಗೆ ಹೋದಾಗ ಉಳಿದ ಮೇಳಗಳಿಗೆ ಛತ್ರ ಸಿಕ್ಕಿದರೆ ಇವರಿಗೆ ಮರದ ನೆರಳು. ಉಳಿದವರಿಗೆ ಬಾವಿ ಸಿಕ್ಕಿದರೆ ಇವರಿಗೆ ಯಾರಾದರೂ ಎತ್ತಿ ಹೊಯ್ದ ನೀರು. ರಾಯಬಾಗವು ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದಿತು. 1949ರ ಮಾರ್ಚಿನಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಲ್ಲಿಯ ಶಾಹು ಮಹಾರಾಜರು ಅಸ್ಪೃಶ್ಯತೆಯ ವಿರುದ್ಧ ರಾಜಾಜ್ಞೆಗಳನ್ನು ಹೊರಡಿಸಿದ್ದರು. 1920ರ ಮಾರ್ಚಿನಲ್ಲಿ ಕಾಗಲ ಜಹಗೀರಿಯ ಮಾಣಗಾವದಲ್ಲಿ ಡಾ. ಅಂಬೇಡಕರರ ಅಧ್ಯಕ್ಷತೆಯಲ್ಲಿ ಸಭೆ ನೆರೆದಾಗ ಮಹಾರಾಜರು ತಾವೇ ಅಲ್ಲಿಗೆ ಬಂದರು. 1925ರ ಎಪ್ರಿಲಿನಲ್ಲಿ ಅಂಬೇಡಕರರು ನಿಪ್ಪಾಣಿಗೂ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತನಾಡಿದರು. ಆ ಕಾಲದ ಮೇಲೆ ಹಲಗೆಯನ್ನು ಹಿಡಿಯಬೇಕೋ ಬಿಡಬೇಕೋ ಎಂಬ ಪ್ರಶ್ನೆಯು ಅನೇಕ ಮನೆಗಳಲ್ಲಿ ಎದ್ದಿತು. ಕಲೆಯು ಉಳಿಯಲಿ ಎಂದು ಹೊರಗಿನವರು ಹೇಳುವದು ಸುಲಭ. ಅಪಮಾನದೊಡನೆ ಬಂದ ಕಲೆಯನ್ನು ಮಗನು ಬಿಟ್ಟರೆ ಅವನನ್ನು ದೂರುವ ಅಧಿಕಾರವು ಯಾರಿಗೂ ಇಲ್ಲ. ಅಪಮಾನವನ್ನು ತೆಗೆದು ಕಲೆಯನ್ನು ಉಳಿಸುವದೇ ನ್ಯಾಯವಾದ ಮಾರ್ಗವು.

1956ರ ನವೆಂಬರ 1ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಏಕೀಕೃತ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಸರಕಾರದ ಯುವಜನ ಮೇಳಗಳು ನಡೆಯಹತ್ತಿದವು. ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ಡೊಳ್ಳುಕುಣಿತ, ಗೀಗಿಪದ, ಲಾವಣಿ ಮುಂತಾದವುಗಳಿಗೆ ಪಂದ್ಯಗಳಾದವು. ಇದರಿಂದ ಲಾಭವಾಗಿಲ್ಲವೆನ್ನಲಾಗದು: ಜಾತಿಯ ಗೆರೆಯನ್ನು ದಾಟಿ ಶಾಲೆ ಕಾಲೇಜುಗಳ ಹುಡುಗರೂ ಹುಡುಗಿಯರೂ ಡೊಳ್ಳನ್ನು ಹೊತ್ತರು. ಆದರೆ ಕಷ್ಟವು ರೂಪವನ್ನು ಬದಲಿಸಿತಷ್ಟೆ. ರಾತ್ರಿಯಿಡೀ ಹರಡುತ್ತಿದ್ದ ವಾದನವು ಕೆಲವು ನಿಮಿಷಗಳ ಮಿತಿಗೆ ಇಕ್ಕಟ್ಟಾಯಿತು. ಬಸ್ಸಿನ ಮೇಲೆ ಡೊಳ್ಳು, ಒಳಗೆ ನಿಂತ ಹುಡುಗರು. ತಲುಪಿದ ಊರಿನಲ್ಲಿ ಶಾಲೆಯ ಕೋಣೆಯ ನೆಲವೇ ಹಾಸಿಗೆ. ಸರದಿ ಬರುವ ತನಕ ಹಸಿವು. ಮರಳಿದ ಮೇಲೆ ತಪ್ಪಿದ ಪಾಠ, ಹತ್ತಿರವಾದ ಪರೀಕ್ಷೆ.

ಸಮುದ್ರದಾಚೆಯಲ್ಲಿಯೂ ಇಂಥದೇ ಒಂದು ಪದ್ಧತಿಯುಂಟು. ಅಮೇರಿಕೆಯಲ್ಲಿ ಒಂದನೆಯ ಮಹಾಯುದ್ಧದ ಬಳಿಕ ನಿವೃತ್ತ ಸೈನಿಕರ ಸಂಘಗಳ ಆಶ್ರಯದಲ್ಲಿ ಡ್ರಮ್ ಕೋರ್ ಎಂಬ ತರುಣರ ವಾದ್ಯದಳಗಳು ಬೆಳೆದವು. 1972ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ವೈಟ್‌ವಾಟರದಲ್ಲಿ ಅವುಗಳ ಹೊಸ ಒಕ್ಕೂಟದ ಮೊದಲ ದೊಡ್ಡ ಪಂದ್ಯವು ನಡೆಯಿತು. ಬೇಸಿಗೆಯಲ್ಲಿ ಆ ತರುಣರು ರಾತ್ರಿ ಬಸ್ಸಿನಲ್ಲಿ ಪ್ರಯಾಣಮಾಡಿ, ಶಾಲೆಗಳ ವ್ಯಾಯಾಮಮಂದಿರದ ನೆಲದ ಮೇಲೆ ಮಲಗಿ, ಹಗಲೆಲ್ಲ ಬಿಸಿಲಿನಲ್ಲಿ ಅಭ್ಯಾಸಮಾಡುವರು. ಅದಕ್ಕಾಗಿ ತಾವೇ ಸಾವಿರಾರು ಡಾಲರು ಕೊಡುವರು. ನೆಲದ ಮೇಲಿನ ನಿದ್ರೆಯು ಎರಡೂ ಕಡೆಗೆ ಒಂದೇ. ಭೇದವಿರುವದು ಇನ್ನೊಂದು ಸಂಗತಿಯಲ್ಲಿ. ಅಲ್ಲಿ ದಳದ ಹಿಂದೆ ಅಡಿಗೆಯ ವಾಹನವೂ ವಾದ್ಯಗಳ ವಾಹನವೂ ಬರುವವು. ದಳದ ಸಂಚಾರವನ್ನು ನೋಡಿಕೊಳ್ಳುವವರು ಬೇರೆ ಇರುವರು. ಇಲ್ಲಿ ಬಾರಿಸುವವನೇ ಹೊರುವವನು, ಹೊರುವವನೇ ರೊಟ್ಟಿಯ ಗಂಟನ್ನು ಕಾಯುವವನು. ಅಲ್ಲಿ ಕಷ್ಟವನ್ನು ಹಣ ಕೊಟ್ಟು ಕೊಳ್ಳುವರು. ಇಲ್ಲಿ ಕಷ್ಟವು ಹುಟ್ಟಿನಿಂದಲೇ ಬರುವದು.

ಈಗ ಟ್ರ್ಯಾಕ್ಟರುಗಳೂ ಟೆಂಪೋಗಳೂ ಮೇಳಗಳನ್ನು ಹೊತ್ತು ಓಡುವವು. ಹಾದಿಯ ಶ್ರಮವು ಕಡಿಮೆಯಾಗಿದೆ. ಆದರೆ ಮೆರವಣಿಗೆಯಲ್ಲಿ ಧ್ವನಿವರ್ಧಕಗಳ ಗೋಡೆಯನ್ನು ಹೇರಿದ ವಾಹನವೊಂದು ಮುಂದೆ ನಿಂತರೆ ಮೂವತ್ತು ಡೊಳ್ಳುಗಳೂ ಅದರೆದುರಿಗೆ ಕೇಳದಾಗುವವು. ಅಜ್ಜನು ಮಳೆಯೊಡನೆಯೂ ಕೆಸರಿನೊಡನೆಯೂ ಸ್ಪರ್ಧಿಸಿದನು; ಮೊಮ್ಮಗನು ಯಂತ್ರದೊಡನೆ ಸ್ಪರ್ಧಿಸಬೇಕಾಗಿದೆ. ಮಳೆಯು ನಿಂತಾದರೂ ನಿಲ್ಲುತ್ತಿದ್ದಿತು.

ಈ ಇತಿಹಾಸದಿಂದ ತಿಳಿಯುವದಿಷ್ಟೆ: ಮೇಳದ ನಿಜವಾದ ಪಂದ್ಯವು ಕಣದಲ್ಲಿ ನಡೆಯಲಿಲ್ಲ, ಕಣಕ್ಕೆ ಬರುವ ಹಾದಿಯಲ್ಲಿ ನಡೆಯಿತು, ಅದರಲ್ಲಿ ಗೆದ್ದವರಿಗೆ ಯಾರೂ ರುಮಾಲು ಸುತ್ತಲಿಲ್ಲ. ಆದುದರಿಂದ ಮೇಳವನ್ನು ಕರೆಯಿಸುವ ಊರಿನವರೂ ಪಂದ್ಯವನ್ನೇರ್ಪಡಿಸುವ ಸಂಸ್ಥೆಗಳೂ ಕೆಲವು ಚಿಕ್ಕ ಕೆಲಸಗಳನ್ನು ಮಾಡಬೇಕು. ಬಂದವರಿಗೆ ಜಾತಿ ಕೇಳದೆ ಒಂದೇ ಪಂಕ್ತಿಯ ಊಟ, ತೊಯ್ಯದ ಒಂದು ಕೋಣೆ, ತೊಗಲು ಕಾಯಿಸಲು ಸ್ವಲ್ಪ ಬೆಂಕಿ, ಗೆದ್ದರೂ ಸೋತರೂ ಮರಳಿ ಹೋಗುವ ಖರ್ಚು. ಇವಿಷ್ಟನ್ನು ಕೊಡುವದು ಯಾವ ಊರಿಗೂ ಭಾರವಲ್ಲ. ಇನ್ನೊಂದು ಕೆಲಸವುಂಟು, ಅದಕ್ಕೆ ಖರ್ಚೇ ಇಲ್ಲ. ಜಾತ್ರೆಯ ಕೀರ್ದಿಯಲ್ಲಿ ಎಣ್ಣೆಗೆ ಇಷ್ಟು, ಕೊಬ್ಬರಿಗೆ ಇಷ್ಟು, ಡೊಳ್ಳಿನವರಿಗೆ ಇಷ್ಟು ಎಂದು ಬರೆಯುವ ರೂಢಿಯಿದೆ. ಆ ಸಾಲಿನ ಕೆಳಗೆ ಡೊಳ್ಳಿನವರೆಂದರೆ ಯಾರು, ಯಾವ ಊರಿನವರು, ಯಾರ ಮಕ್ಕಳೆಂಬದನ್ನು ಒಬ್ಬೊಬ್ಬರ ಹೆಸರು ಹಿಡಿದು ಬರೆಯಿಸಬೇಕು. ಹಾಗಾದರೆ ನೂರು ವರ್ಷಗಳ ಮೇಲೆ ಇದೇ ವಿಷಯವನ್ನು ಬರೆಯ ಹೊರಟವನಿಗೆ ಹೆಸರುಗಳು ಸಿಕ್ಕಾವು.